ತೂಕ ಅಷ್ಟೇ ಉಂಟು, ಸೊಂಟ ಎಷ್ಟು?

"ಹತ್ತು ವರ್ಷದಿಂದ ನನ್ನ ತೂಕ ಅಷ್ಟೇ ಉಂಟು ಮಾರಾಯ್ರೆ, ನನಗೆಂಥ ಶುಗರ್?"

ಉಡುಪಿ ಹತ್ತಿರದ ಹಳ್ಳಿಗೆ ಫೀಲ್ಡ್ ಕೆಲಸಕ್ಕೆ ಹೋದಾಗ ಬೀಡಿ ಕಟ್ಟುತ್ತಿದ್ದ ಅಕ್ಕ ಒಬ್ಬರು ಹೀಗೆ ಕೇಳಿದರು. ತೂಕ ಏರದಿದ್ದರೂ ಸೊಂಟ ಬೆಳೆದರೆ ಶುಗರ್ ಯಾಕೆ ಬರಬಹುದು ಎಂಬ ಇಡೀ ಪಾಠ ಈ ಪ್ರಶ್ನೆಯಲ್ಲೇ ಇದೆ. ಅವರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ವಯಸ್ಸು 46. ಎತ್ತರ 152 ಸೆಂ.ಮೀ., ತೂಕ 52 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.5. ಭಾರತೀಯರಿಗೆ 23 ಮುಟ್ಟಿದರೆ ತೂಕ ಜಾಸ್ತಿ, 25 ಮುಟ್ಟಿದರೆ ಬೊಜ್ಜು. ಈ ಲೆಕ್ಕದಲ್ಲಿ ಅಕ್ಕನಿಗೆ ಏನೂ ತೊಂದರೆ ಇಲ್ಲ. ಆದರೆ ಟೇಪ್ ಹಿಡಿದಾಗ ಸೊಂಟ 88 ಸೆಂ.ಮೀ. ಬಂತು. ಹೆಂಗಸರಿಗೆ ಅದು 80ರ ಒಳಗಿರಬೇಕು, ಗಂಡಸರಿಗೆ 90ರ ಒಳಗೆ.

ತೂಕ ಏರದೆ ಸೊಂಟ ಹೇಗೆ ಬೆಳೆಯಿತು? ಕೂತೇ ಕೆಲಸ ಮಾಡುವವರಲ್ಲಿ ವಯಸ್ಸಾದ ಹಾಗೆ ಮಾಂಸಖಂಡ ಕರಗುತ್ತದೆ, ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ. ತೂಕದ ಯಂತ್ರಕ್ಕೆ ಎರಡೂ ಒಂದೇ. ದೇಹಕ್ಕೆ ಹಾಗಲ್ಲ. ಊಟವಾದ ಮೇಲೆ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಮಾಂಸಖಂಡವೇ, ಅಲ್ವಾ? ಅದೇ ಕಮ್ಮಿಯಾಯಿತು. ಇತ್ತ ಕರುಳಿನ ಸುತ್ತಲಿನ ಕೊಬ್ಬಿನಿಂದ ಹೊರಬೀಳುವ ಕೊಬ್ಬಿನಾಮ್ಲ ಪೋರ್ಟಲ್ ರಕ್ತನಾಳ ಹಿಡಿದು ನೇರ ಲಿವರ್‌ಗೆ ಹೋಗುತ್ತದೆ. ಆಗ ಲಿವರ್, ರಕ್ತದ ಸಕ್ಕರೆ ತಗ್ಗಿಸುವ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ, ಸಕ್ಕರೆ ಬಿಡುತ್ತಲೇ ಇರುತ್ತದೆ. ತೊಡೆಯ ಚರ್ಮದಡಿಯ ಕೊಬ್ಬು ಇಷ್ಟು ಕಾಟ ಕೊಡುವುದಿಲ್ಲ. ಈ ಭಾಗ ಸುಮ್ನೆ ಬಾಯಿಪಾಠ ಮಾಡಬೇಡಿ, ಒಂದು ಚಿತ್ರ ಬಿಡಿಸಿ ನೋಡಿ.

ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಅಳತೆ ಪ್ರಕಟಿಸಿದ್ದರು. ಇಬ್ಬರ ಬಿಎಂಐ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ನಮಗೆ ಬಿಎಂಐ ಮಿತಿ ಪಾಶ್ಚಾತ್ಯರಿಗಿಂತ ಕೆಳಗಿರುವುದು ಏಕೆಂದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆಯೇ.

ಅಳೆಯುವಾಗ ಒಂದು ಎಚ್ಚರ. ಲಂಗದ ಲಾಡಿ ಅಥವಾ ಲುಂಗಿ ಕಟ್ಟುವ ಜಾಗ ಸರಿಯಾದ ಜಾಗ ಅಲ್ಲ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ತುದಿ ಹುಡುಕಿ, ಅವೆರಡರ ನಡುವೆ ಟೇಪ್ ಇಡಿ. ಉಸಿರು ಬಿಟ್ಟ ಮೇಲೆ ಓದಿ. ಲುಂಗಿ ಎಷ್ಟು ದಪ್ಪಕ್ಕೂ ಹೊಂದಿಕೊಳ್ಳುತ್ತದೆ. ಬೆಲ್ಟಿನ ತೂತಿನಂತೆ ಅದು ಎಚ್ಚರಿಸುವುದಿಲ್ಲ. ಹಾಗಾಗಿ ನಮ್ಮೂರಿನ ಗಂಡಸರಿಗೂ ಟೇಪ್ ಬೇಕೇ ಬೇಕು.

ಇನ್ನು ಶುಗರ್ ಅಪಾಯಕ್ಕೆ ಅಂಕ ಕೊಡುವ, ಚೆನ್ನೈಯಲ್ಲಿ ರೂಪಿಸಿದ ಇಂಡಿಯನ್ ಡಯಾಬಿಟೀಸ್ ರಿಸ್ಕ್ ಸ್ಕೋರ್. ಅಕ್ಕನ ವಯಸ್ಸಿಗೆ 20, ಸೊಂಟಕ್ಕೆ 10, ವ್ಯಾಯಾಮವಿಲ್ಲದೆ ಕೂತೇ ಇರುವುದಕ್ಕೆ 30, ತಾಯಿಗೆ ಶುಗರ್ ಇದ್ದದ್ದಕ್ಕೆ 10. ಒಟ್ಟು 70. 60 ಅಥವಾ ಮೇಲೆ ಬಂದರೆ ಅಪಾಯ ಜಾಸ್ತಿ. ವಯಸ್ಸು, ತಾಯಿ ಬದಲಾಗುವುದಿಲ್ಲ. ಸೊಂಟ 80ರ ಕೆಳಗೆ ಇಳಿದು, ದಿನಾ ಸ್ವಲ್ಪ ನಡೆದು ಆ 30 ಅಂಕ 20ಕ್ಕೆ ಬಂದರೆ ಒಟ್ಟು 50 ಆಗುತ್ತದೆ.

ಸ್ಕೋರ್ ಅಂದರೆ ಕಾಯಿಲೆ ಬಂತು ಎಂದಲ್ಲ, ರಕ್ತ ಪರೀಕ್ಷೆ ಮಾಡಿಸಿ ಎಂದಷ್ಟೇ. ಅಕ್ಕ ಮಾಡಿಸಿದರು. ಖಾಲಿ ಹೊಟ್ಟೆಯಲ್ಲಿ 118 ಬಂತು. ಡಯಾಬಿಟೀಸ್ ಎನ್ನುವುದು 126ರಿಂದ. 100ರಿಂದ 125ರವರೆಗೆ ಅದರ ಹಿಂದಿನ ಹಂತ. "ಇನ್ನೂ ಸಮಯ ಉಂಟಲ್ಲ?" ಎಂದು ಕೇಳಿದರು. ಉಂಟು ಅಕ್ಕ ಎಂದೆ.