ಗಗನಸ್ಮರಣಿಕೆ

ಜನಪ್ರಿಯ ಸಿನಿಮಾದ ಒಂದು ಪರಿಕರವನ್ನೋ ಗೊಂಬೆಯನ್ನೋ ಗಗನಯಾನಿಗಳ ಜೊತೆ ಬಾಹ್ಯಾಕಾಶಕ್ಕೆ ಕಳುಹಿಸಿ, ಮರಳಿ ತರಿಸಿ, ಆ ಪಯಣವನ್ನೇ ಪ್ರಚಾರಕ್ಕೆ ಬಳಸುವ ರೂಢಿಯಿದೆ. ಹೀಗೆ ಹೋಗಿಬಂದದ್ದನ್ನು ಸಂಗ್ರಾಹಕರು ಇಂಗ್ಲಿಷಿನಲ್ಲಿ ‘ಫ್ಲೋನ್’, ಅಂದರೆ ‘ಹಾರಿಬಂದ’ ವಸ್ತು, ಎನ್ನುತ್ತಾರೆ. ಕನ್ನಡದಲ್ಲಿ ‘ಗಗನಸ್ಮರಣಿಕೆ’ ಎನ್ನುವುದು ಒಪ್ಪುತ್ತದೆಂದು ನನ್ನ ಭಾವನೆ.

ಮೈಸೂರಿನವರಿಗೆ ಈ ಕಲ್ಪನೆ ಅಪರಿಚಿತವಲ್ಲ. ಮೊದಲ ಲಗ್ನಪತ್ರಿಕೆಯನ್ನು ಚಾಮುಂಡಿಬೆಟ್ಟಕ್ಕೆ ಒಯ್ದು, ತಾಯಿಯ ಪಾದದ ಬಳಿ ಇರಿಸಿ ತಂದಾಗ ಕಾಗದ ಅದೇ ಆಗಿದ್ದರೂ ಮನೆಯವರು ಅದನ್ನು ಬೇರೆಯಾಗಿ ಎತ್ತಿಡುತ್ತಾರೆ. ಅಲ್ಲಿರುವುದು ಭಕ್ತಿ, ಇಲ್ಲಿರುವುದು ಪ್ರಚಾರ. ಆದರೆ ವಸ್ತುವಿಗೆ ಬೆಲೆ ಬರುವುದು ಎರಡೂ ಕಡೆ ಅದು ಹೋಗಿಬಂದ ದಾರಿಯಿಂದಲೇ.

ಒಳ್ಳೆಯ ಉದಾಹರಣೆ ‘ಸ್ಟಾರ್ ವಾರ್ಸ್’ ಚಿತ್ರಮಾಲೆಯದು. 1983ರ ಚಿತ್ರದಲ್ಲಿ ನಾಯಕ ಲ್ಯೂಕ್ ಸ್ಕೈವಾಕರ್ ಹಿಡಿದಿದ್ದ ಬೆಳಕಿನ ಕತ್ತಿಯ ಹಿಡಿಯನ್ನು, ಮೊದಲ ಚಿತ್ರ ತೆರೆಕಂಡ 30ನೇ ವರ್ಷದ ನೆನಪಿಗೆ, 2007ರ ಅಕ್ಟೋಬರ್ 23ರಂದು ಡಿಸ್ಕವರಿ ನೌಕೆಯಲ್ಲಿ ಕಳುಹಿಸಲಾಯಿತು. ಅಲ್ಲಿ ಅದಕ್ಕೆ ಯಾವ ಕೆಲಸವೂ ಇರಲಿಲ್ಲ. ಮರುವರ್ಷ ಹೋದ, ‘ಟಾಯ್ ಸ್ಟೋರಿ’ ಚಿತ್ರದ ಬಜ಼್ ಲೈಟ್‌ಇಯರ್ ಗೊಂಬೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ವರ್ಷಕ್ಕೂ ಹೆಚ್ಚು ಕಾಲವಿದ್ದು 2009ರಲ್ಲಿ ಮರಳಿತು. ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸ್ವತ್ತಾಗಿದೆ.

ಅನುಮತಿಯ ಪ್ರಶ್ನೆಯನ್ನು ಇಲ್ಲಿ ಹಗುರವಾಗಿ ಕಾಣುವಂತಿಲ್ಲ. 1971ರಲ್ಲಿ ಅಪೋಲೋ 15ರ ಯಾನಿಗಳು ಅನುಮತಿಯಿಲ್ಲದೆ ಸುಮಾರು 400 ಅಂಚೆ ಲಕೋಟೆಗಳನ್ನು ಚಂದ್ರನವರೆಗೆ ಒಯ್ದರು; ಅವುಗಳಲ್ಲಿ ಕೆಲವನ್ನು ವ್ಯಾಪಾರಿಯೊಬ್ಬ ಮಾರಿದ ವಿಷಯ ಬಯಲಾದಾಗ ಅವರು ಶಿಸ್ತುಕ್ರಮಕ್ಕೆ ಗುರಿಯಾದರು.

ಬಾಹ್ಯಾಕಾಶಕ್ಕೆ ಹೋದದ್ದೆಲ್ಲವೂ ಗಗನಸ್ಮರಣಿಕೆಯಲ್ಲ. 1984ರಲ್ಲಿ ರಾಕೇಶ್ ಶರ್ಮಾ ಅವರಿಗಾಗಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸಿದ್ಧಪಡಿಸಿದ ಆಹಾರ ನಮ್ಮೂರಿನ ಹೆಮ್ಮೆ. ಆದರೆ ಅದು ಹೋದದ್ದು ಉಣ್ಣುವುದಕ್ಕಾಗಿ, ಆದ್ದರಿಂದ ಅದನ್ನು ಈ ಪದದಿಂದ ಕರೆಯಲಾಗದು. 2018ರಲ್ಲಿ ಫಾಲ್ಕನ್ ಹೆವಿ ರಾಕೆಟ್ ಹೊತ್ತೊಯ್ದ ಟೆಸ್ಲಾ ಕಾರು ಪ್ರಚಾರವನ್ನು ಧಾರಾಳವಾಗಿ ಗಳಿಸಿದರೂ ಸೂರ್ಯನನ್ನು ಸುತ್ತುತ್ತ ಅಲ್ಲೇ ಉಳಿದಿರುವುದರಿಂದ ಸ್ಮರಣಿಕೆಯಾಗಲಿಲ್ಲ. ತೂಕರಹಿತ ಸ್ಥಿತಿ ಬಂದದ್ದನ್ನು ತೇಲುತ್ತ ತೋರಿಸಲೆಂದು 2022ರ ಆರ್ಟೆಮಿಸ್ 1 ನೌಕೆಯಲ್ಲಿಟ್ಟಿದ್ದ ‘ಪೀನಟ್ಸ್’ ಕಾಮಿಕ್ಸ್‌ನ ನಾಯಿ ಸ್ನೂಪಿಯ ಗೊಂಬೆಯನ್ನು ಮಾತ್ರ ಎರಡೂ ಕಡೆಗೆ ಸೇರಿಸಬೇಕಾಗುತ್ತದೆ: ಅದಕ್ಕೆ ಕೆಲಸವೂ ಇತ್ತು, ಹೆಸರೂ ಇತ್ತು, ಅದು ಮರಳಿಯೂ ಬಂತು.