ಸೂರ್ಯ ಬಂದದ್ದು ನಾಲ್ಕನೇ ದಿನ: ಆದಿಕಾಂಡ ಓದುವಾಗ ಮಾಡಿಕೊಂಡ ಟಿಪ್ಪಣಿ

ಪಾಸ್ಖ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿಯ ಪೂಜೆಯಲ್ಲಿ, ಮೊದಲ ವಾಚನವಾಗಿ ನಾವು ಕೇಳುವುದು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯವನ್ನೇ. ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಷ್ಟಿಸಿದ ಕಥೆ ಅದು. ಕೇಳಿ ಕೇಳಿ ರೂಢಿಯಾಗಿಬಿಟ್ಟಿದೆ. ಈಗ ಒಮ್ಮೆ ನಿಧಾನವಾಗಿ ಓದಿ. ಬೆಳಕು ಬಂದದ್ದು ಒಂದನೇ ದಿನ, ಸೂರ್ಯ ಬಂದದ್ದು ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನ ಸಂಜೆ ಆದದ್ದು, ಬೆಳಗಾದದ್ದು ಹೇಗೆ?

ಇದು ವಿಜ್ಞಾನ ಬಂದ ಮೇಲೆ ಹುಟ್ಟಿದ ಪ್ರಶ್ನೆ ಅಲ್ಲ. ಸುಮಾರು 1600 ವರ್ಷಗಳ ಹಿಂದೆಯೇ ದೈವಶಾಸ್ತ್ರಜ್ಞರಾದ ಸಂತ ಅಗಸ್ಟೀನರು ಇದನ್ನು ಹಿಡಿದು ಕೂತಿದ್ದರು. ಈ ಆರು ದಿನಗಳು ನಾವು ಎಣಿಸುವಂಥ ದಿನಗಳಲ್ಲ, ದೇವರು ಎಲ್ಲವನ್ನೂ ಒಟ್ಟಿಗೇ ಸೃಷ್ಟಿಸಿದರು ಅನ್ನುವುದು ಅವರ ಅಭಿಪ್ರಾಯ.

ಎರಡನೇ ಅಧ್ಯಾಯಕ್ಕೆ ಬಂದರೆ ಕ್ರಮವೇ ಬೇರೆ. ಮೊದಲು ಮಣ್ಣಿನಿಂದ ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು. ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಈ ವ್ಯತ್ಯಾಸ ಕಾಣಲಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಅವರಿಗೆ ದಿನಚರಿ ಬರೆಯಬೇಕಿರಲಿಲ್ಲ, ಅಷ್ಟೇ. ಮೊದಲ ಅಧ್ಯಾಯದ ಜೋಡಣೆ ನೋಡಿ: ಮೊದಲ ಮೂರು ದಿನ ಜಾಗ ಸಿದ್ಧವಾಗುತ್ತದೆ, ಮುಂದಿನ ಮೂರು ದಿನ ಆಯಾ ಜಾಗಕ್ಕೆ ವಾಸಿಸುವವರು ಬರುತ್ತಾರೆ. ಬೆಳಕಿಗೆ ಸೂರ್ಯ ಚಂದ್ರ, ನೀರಿಗೆ ಮೀನು, ಆಕಾಶಕ್ಕೆ ಹಕ್ಕಿ, ನೆಲಕ್ಕೆ ಪ್ರಾಣಿ ಮತ್ತು ಮನುಷ್ಯ. ಇನ್ನೊಂದು ವಿಷಯ, ನನಗೆ ಬಹಳ ಇಷ್ಟವಾದದ್ದು: ಸೂರ್ಯ ಚಂದ್ರರ ಹೆಸರನ್ನೇ ಹೇಳದೆ ದೊಡ್ಡ ದೀಪ, ಚಿಕ್ಕ ದೀಪ ಅನ್ನುತ್ತಾರೆ. ಸುತ್ತಲಿನ ಜನ ಅವನ್ನು ದೇವರೆಂದು ಪೂಜಿಸುತ್ತಿದ್ದ ಕಾಲ ಅದು.

'ಒಂದು ದಿನ ಅಂದರೆ ಕೋಟಿಗಟ್ಟಲೆ ವರ್ಷ' ಅಂತ ಸುಲಭವಾಗಿ ಹೊಂದಿಸುವವರು ಜಾಸ್ತಿ. ನಾನೂ ಹಾಗೇ ಹೇಳುತ್ತಿದ್ದೆ. ಅದು ನಿಲ್ಲುವುದಿಲ್ಲ. ಸೂರ್ಯನಿಗಿಂತ ಮೊದಲೇ ಗಿಡಮರ ಬರುತ್ತವೆ, ನೆಲದ ಪ್ರಾಣಿಗಳಿಗಿಂತ ಮೊದಲೇ ಹಕ್ಕಿಗಳು ಬರುತ್ತವೆ. ಆದರೆ ವಿಜ್ಞಾನ ಹೇಳುವುದು ಉಲ್ಟಾ.

ಇಲ್ಲಿ ಜಾರ್ಜ್ ಲಮೇತ್ರ್ ಅವರನ್ನು ನೆನೆಯಲೇಬೇಕು. ಬೆಲ್ಜಿಯಂನ ಕಥೋಲಿಕ ಗುರು (ಪಾದ್ರಿ), ಭೌತವಿಜ್ಞಾನಿಯೂ ಹೌದು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದರು, ಎಲ್ಲವೂ ಒಂದು ಆದಿ ಅಣುವಿನಿಂದ ಶುರುವಾಯಿತು ಎಂದು 1931ರಲ್ಲಿ ಹೇಳಿದರು. ಇಂದು ನಾವು ಮಹಾಸ್ಫೋಟ ಅನ್ನುವುದಕ್ಕೆ, ಅಂದರೆ ಸುಮಾರು 1380 ಕೋಟಿ ವರ್ಷಗಳ ಹಿಂದಿನ ಆ ಆರಂಭಕ್ಕೆ, ಬೀಜ ಅದೇ. 1951ರಲ್ಲಿ ಪೋಪ್ ಹನ್ನೆರಡನೇ ಪಿಯೂಸ್ ಒಂದು ಭಾಷಣದಲ್ಲಿ ಈ ವಿಜ್ಞಾನವನ್ನು 'ಬೆಳಕಾಗಲಿ' ಎಂಬ ಮಾತಿನ ಜೊತೆ ಸೇರಿಸಿದಾಗ ಖುಷಿಪಡಬೇಕಿದ್ದ ಲಮೇತ್ರ್ ಅವರಿಗೇ ಅದು ಸರಿ ಕಾಣಲಿಲ್ಲ. ಭೌತಶಾಸ್ತ್ರದ ಸಿದ್ಧಾಂತ ನಾಳೆ ಬದಲಾಗಬಹುದು, ವಿಶ್ವಾಸವನ್ನು ಅದಕ್ಕೆ ಕಟ್ಟಿಹಾಕಬಾರದು ಅಲ್ವಾ?

ಮನುಷ್ಯನ ವಿಷಯ ಇಷ್ಟು ಸಲೀಸಲ್ಲ. ದೇಹ ಮೊದಲೇ ಇದ್ದ ಜೀವಿಗಳಿಂದ ವಿಕಾಸವಾಗಿ ಬಂದಿದೆಯೇ ಎಂದು ಸಂಶೋಧಿಸಲು ಅಡ್ಡಿಯಿಲ್ಲ, ಆದರೆ ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು ಇದೇ ಪಿಯೂಸ್ 1950ರಲ್ಲಿ ಬರೆದರು. ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದು 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೇಳಿದರು. ಕಷ್ಟ ಇರುವುದು ಆದಾಮನಲ್ಲಿ. ಮನುಷ್ಯಕುಲ ಒಂದೇ ಜೋಡಿಯಿಂದಲ್ಲ, ಸಾವಿರಾರು ಜನರ ಗುಂಪಿನಿಂದ ಬಂದಿದೆ ಎನ್ನುತ್ತದೆ ತಳಿಶಾಸ್ತ್ರ. ಇದನ್ನು ಮೂಲಪಾಪದ ಬೋಧನೆಯ ಜೊತೆ, ಅಂದರೆ ಮೊದಲ ಮನುಷ್ಯ ಆದಾಮನ ಪಾಪದ ಪರಿಣಾಮ ಎಲ್ಲರಿಗೂ ಬಂತು ಎಂಬ ಬೋಧನೆಯ ಜೊತೆ, ಹೇಗೆ ಇಡುವುದು ಎಂದು ದೈವಶಾಸ್ತ್ರಜ್ಞರು ಈಗಲೂ ಚರ್ಚಿಸುತ್ತಿದ್ದಾರೆ. ಈ ಭಾಗ ಓದುವಾಗ ಅವಸರ ಮಾಡಬೇಡಿ, ಆದಿಕಾಂಡದ ಮೂರನೇ ಅಧ್ಯಾಯವನ್ನೂ ಸಂತ ಪೌಲರು ರೋಮನರಿಗೆ ಬರೆದ ಪತ್ರದ ಐದನೇ ಅಧ್ಯಾಯವನ್ನೂ ಜೊತೆಗೆ ಇಟ್ಟುಕೊಳ್ಳಿ.