ಒಲಿಂಪಿಕ್ಸ್‌ಗೆ ಅರ್ಹತೆ ಸಿಕ್ಕಮೇಲೆ ಪದಕ ಎಷ್ಟು ದೂರ?

ಓದುಗರ ಪ್ರಶ್ನೆ: ಪ್ರತಿ ಒಲಿಂಪಿಕ್ಸ್‌ಗೂ ಮುನ್ನ ಈ ಸಲ ಭಾರತಕ್ಕೆ ಹತ್ತಕ್ಕಿಂತ ಹೆಚ್ಚು ಪದಕ ಖಚಿತ ಎನ್ನುತ್ತಾರೆ, ಕೊನೆಗೆ ಆರೋ ಏಳೋ ಬರುತ್ತವೆ. ಅರ್ಹತೆ ಪಡೆದವರ ಪಟ್ಟಿ ನೋಡಿ, ಯಾರಿಗೆ ನಿಜವಾಗಿ ಪದಕದ ಅವಕಾಶವಿದೆ ಎಂಬುದನ್ನು ಸಾಮಾನ್ಯ ಓದುಗರು ಮೊದಲೇ ಅಂದಾಜು ಮಾಡಬಹುದೇ?

ಮಾಡಬಹುದು. ಅದಕ್ಕೆ ಮೊದಲು ಅರ್ಹತೆಯ ಪಟ್ಟಿಯನ್ನು ಪದಕದ ಪಟ್ಟಿಯ ಕರಡು ಪ್ರತಿ ಎಂಬಂತೆ ಓದುವ ಅಭ್ಯಾಸ ಬಿಡಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ 117 ಮಂದಿ ಹೋದರು, ಬಂದದ್ದು ಒಂದು ಬೆಳ್ಳಿ ಮತ್ತು ಐದು ಕಂಚು. 117ರಲ್ಲಿ ಆರು ಎಂದು ಲೆಕ್ಕ ಹಾಕಿದರೆ ಮನಸ್ಸು ಕುಗ್ಗುವುದು ಸಹಜ, ಆದರೆ ಆ ಲೆಕ್ಕವೇ ಸರಿಯಿಲ್ಲ. ಅವರಲ್ಲಿ 19 ಮಂದಿ ಹಾಕಿ ತಂಡದವರು. ಹತ್ತೊಂಬತ್ತು ಹೆಸರು, ಪದಕದ ಅವಕಾಶ ಒಂದೇ. ರಿಲೇ ಓಟಗಾರರದ್ದೂ ಹಾಗೆಯೇ. ಇನ್ನೊಂದೆಡೆ ಶೂಟರ್ ಮನು ಭಾಕರ್ ಒಬ್ಬರೇ ಮೂರು ಸ್ಪರ್ಧೆಗಳಲ್ಲಿ ನಿಂತು, ಎರಡರಲ್ಲಿ ಕಂಚು ಗೆದ್ದು, ಮೂರನೆಯದರಲ್ಲಿ ನಾಲ್ಕನೆಯವರಾದರು. ಆದ್ದರಿಂದ ಹೆಸರುಗಳನ್ನು ಬಿಟ್ಟು, ಒಂದೊಂದು ಸ್ಪರ್ಧೆಯನ್ನು ಪ್ರತ್ಯೇಕವಾಗಿ ತೂಗಿ ನೋಡಬೇಕು.

ಅರ್ಹತೆ ಎಂಬ ಒಂದೇ ಪದದ ಹಿಂದೆ ಬೇರೆ ಬೇರೆ ಬಾಗಿಲುಗಳಿವೆ. ಅಥ್ಲೆಟಿಕ್ಸ್‌ನಲ್ಲಿ ನಿಗದಿತ ಮಟ್ಟವನ್ನು ಮುಟ್ಟಿದವರಿಗೆ ನೇರ ಪ್ರವೇಶ, ಉಳಿದ ಸ್ಥಾನಗಳಿಗೆ ವಿಶ್ವ ರ‍್ಯಾಂಕಿಂಗ್. ಪ್ಯಾರಿಸ್‌ಗೆ ಪುರುಷರ ಜಾವೆಲಿನ್‌ನ ಮಟ್ಟ 85.50 ಮೀಟರ್ ಆಗಿತ್ತು. ಶೂಟಿಂಗ್‌ನಲ್ಲಿ ಕೋಟಾ, ಅಂದರೆ ಒಲಿಂಪಿಕ್ಸ್ ಪ್ರವೇಶದ ಸ್ಥಾನ, ಗೆದ್ದುಕೊಟ್ಟವರು ಒಬ್ಬರಾದರೂ ಅದರ ಒಡೆತನ ದೇಶದ್ದು. 2022ರಲ್ಲಿ ವಿಶ್ವ ಚಾಂಪಿಯನ್ ಆಗಿ 10 ಮೀಟರ್ ಏರ್ ರೈಫಲ್ ಕೋಟಾ ತಂದುಕೊಟ್ಟ ರುದ್ರಾಂಕ್ಷ್ ಪಾಟೀಲ್ ಅವರಿಗೆ, ನಂತರದ ಆಯ್ಕೆ ಟ್ರಯಲ್ಸ್‌ನಲ್ಲಿ ಹಿಂದೆ ಬಿದ್ದ ಕಾರಣ, ಪ್ಯಾರಿಸ್ ಟಿಕೆಟ್ ಸಿಗಲಿಲ್ಲ. ಈಜಿನಲ್ಲಿ ಮತ್ತೊಂದು ಬಗೆ. ಬೆಂಗಳೂರಿನ ಶ್ರೀಹರಿ ನಟರಾಜ್ ಮತ್ತು ಆಗಿನ್ನೂ 14 ವರ್ಷದ ಧಿನಿಧಿ ದೇಸಿಂಗು ಪ್ಯಾರಿಸ್‌ಗೆ ಹೋದದ್ದು ಸಾರ್ವತ್ರಿಕ ಪ್ರಾತಿನಿಧ್ಯದ ಕೋಟಾದಲ್ಲಿ, ಅಂದರೆ ನೇರ ಅರ್ಹತೆ ಯಾರಿಗೂ ದಕ್ಕದ ದೇಶಕ್ಕೂ ಕೊಳದಲ್ಲಿ ಒಂದು ಲೇನ್ ಇರಲಿ ಎಂಬ ಉದ್ದೇಶದಿಂದ ಕೊಡುವ ಸ್ಥಾನದಲ್ಲಿ. ಹದಿನಾಲ್ಕರ ಬಾಲಕಿ ಅಂಥ ಕೊಳಕ್ಕೆ ಇಳಿದದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ, ಆದರೆ ಅದನ್ನು ಪದಕದ ನಿರೀಕ್ಷೆಯ ಪಟ್ಟಿಗೆ ಸೇರಿಸುವುದು ಆ ಬಾಲಕಿಗೇ ಮಾಡುವ ಅನ್ಯಾಯ. ಇಂಥ ಪ್ರವೇಶವನ್ನು ಮುಂದಿನ ನಾಲ್ಕೆಂಟು ವರ್ಷಗಳ ಹೂಡಿಕೆ ಎಂದು ಓದಬೇಕು.

ಇಷ್ಟಾದ ಮೇಲೆ ಮುಖ್ಯ ವಿಷಯ. ಪದಕದ ಸಾಧ್ಯತೆಯನ್ನು ಅಳೆಯಲು ನಾನು ಬಳಸುವ ಗೆರೆ ಚಿನ್ನದ್ದಲ್ಲ, ಕಂಚಿನದು. ಒಂದು ಸ್ಪರ್ಧೆಯಲ್ಲಿ ಕಳೆದ ಎರಡು ಮೂರು ಒಲಿಂಪಿಕ್ಸ್ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಕಂಚು ಎಷ್ಟು ದೂರಕ್ಕೆ, ತೂಕಕ್ಕೆ ಅಥವಾ ಸಮಯಕ್ಕೆ ಸಿಕ್ಕಿದೆ ಎಂದು ಬರೆದುಕೊಳ್ಳಬೇಕು. ನಮ್ಮ ಕ್ರೀಡಾಪಟು ಕಳೆದ ಒಂದೂವರೆ ವರ್ಷದಲ್ಲಿ ಆ ಗೆರೆಯನ್ನು ಎಷ್ಟು ಬಾರಿ ದಾಟಿದ್ದಾರೆ, ಎಲ್ಲಿ ದಾಟಿದ್ದಾರೆ ಎಂದು ಅದರ ಪಕ್ಕದಲ್ಲಿ ಬರೆಯಬೇಕು. ಒಮ್ಮೆ ದಾಟಿದ್ದರೆ ಅದು ದಾಖಲೆ. ಮತ್ತೆ ಮತ್ತೆ ದಾಟುತ್ತಿದ್ದರೆ ಅದು ಮಟ್ಟ. ನಮ್ಮಲ್ಲಿ ಸುದ್ದಿಯಾಗುವುದು ದಾಖಲೆ, ಪದಕ ತರುವುದು ಮಟ್ಟ.

ಗೆರೆ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಜಾವೆಲಿನ್‌ನಷ್ಟು ಚೆನ್ನಾಗಿ ಬೇರಾವುದೂ ತೋರಿಸದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ಚಿನ್ನ ಗೆದ್ದ ಎಸೆತ 87.58 ಮೀಟರ್. ಮೂರು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಅದೇ ಎಸೆತ ಎಸೆದಿದ್ದರೆ ಅವರು ಐದನೆಯವರಾಗುತ್ತಿದ್ದರು. ಅಲ್ಲಿ ಪಾಕಿಸ್ತಾನದ ಅರ್ಷದ್ ನದೀಂ 92.97 ಮೀಟರ್‌ನೊಂದಿಗೆ ಒಲಿಂಪಿಕ್ ದಾಖಲೆ ಬರೆದರು, ನೀರಜ್ ಟೋಕಿಯೊಗಿಂತ ಸುಮಾರು ಎರಡು ಮೀಟರ್ ಹೆಚ್ಚು, 89.45 ಮೀಟರ್ ಎಸೆದೂ ಬೆಳ್ಳಿಗೆ ನಿಂತರು, ಕಂಚಿನ ಆಂಡರ್ಸನ್ ಪೀಟರ್ಸ್ ಮತ್ತು ನಾಲ್ಕನೆಯ ಯಾಕೂಬ್ ವಾದ್ಲೇಚ್ ನಡುವೆ ಇದ್ದದ್ದು ನಾಲ್ಕೇ ಸೆಂಟಿಮೀಟರ್. ಮರುವರ್ಷ, 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನಕ್ಕೆ 88.16 ಮೀಟರ್ ಸಾಕಾಯಿತು, ಅಂದು 87.58 ಎಸೆದವರಿಗೆ ಬೆಳ್ಳಿ ಸಿಗುತ್ತಿತ್ತು. ಒಂದೇ ಎಸೆತ ಒಮ್ಮೆ ಚಿನ್ನ, ಒಮ್ಮೆ ಐದನೇ ಸ್ಥಾನ, ಒಮ್ಮೆ ಬೆಳ್ಳಿ. ಅದೇ 2025ರ ಮೇ ತಿಂಗಳಲ್ಲಿ ದೋಹಾದಲ್ಲಿ 90.23 ಮೀಟರ್ ಎಸೆದು ತೊಂಬತ್ತರ ಗಡಿ ದಾಟಿದ್ದ ನೀರಜ್ ಸೆಪ್ಟೆಂಬರ್‌ನ ಈ ವಿಶ್ವ ಕೂಟದಲ್ಲಿ 84.03 ಮೀಟರ್‌ಗೆ ಎಂಟನೆಯವರಾದರು, ಅವರಿಗಿಂತ ಮುಂದೆ ನಾಲ್ಕನೆಯವರಾಗಿ ಬಂದವರು ಭಾರತದವರೇ ಆದ ಸಚಿನ್ ಯಾದವ್, 86.27 ಮೀಟರ್‌ನೊಂದಿಗೆ.

ಹಾಗಾದರೆ ಅಂದಾಜಿಗೆ ಅರ್ಥವೇನು ಎಂದು ನೀವು ಕೇಳಬಹುದು. ಅರ್ಥವಿದೆ. ನೀರಜ್ ವಿಷಯದಲ್ಲಿ ನಾವು ವಿಶ್ವಾಸದಿಂದ ಮಾತನಾಡುವುದು ಅವರ ಅತ್ಯುತ್ತಮ ಎಸೆತವನ್ನು ನೋಡಿ ಅಲ್ಲ, ಹಲವು ವರ್ಷಗಳ ಕಾಲ ದೊಡ್ಡ ಕೂಟಗಳಲ್ಲಿ ಅವರ ಸಾಧಾರಣ ದಿನದ ಎಸೆತವೂ ಕಂಚಿನ ಗೆರೆಯ ಆಸುಪಾಸಿನಲ್ಲೇ ಬೀಳುತ್ತಿದ್ದುದನ್ನು ನೋಡಿ. ಆ ವಿಶ್ವಾಸ ನೂರಕ್ಕೆ ನೂರು ಎಂದಿಗೂ ಆಗಿರಲಿಲ್ಲ. ಇಲ್ಲಿಯೇ ನಮ್ಮ ಲೆಕ್ಕ ದಾರಿ ತಪ್ಪುತ್ತದೆ. ಪದಕದ ಭರವಸೆ ಇರುವ ಹದಿನೈದು ಸ್ಪರ್ಧೆಗಳು ನಮಗಿವೆ ಎಂದುಕೊಳ್ಳಿ. ಪ್ರತಿಯೊಂದರಲ್ಲೂ ಮೂರರಲ್ಲಿ ಒಂದು ಪಾಲು ಸಾಧ್ಯತೆ ಇದೆ ಎಂದುಕೊಳ್ಳಿ, ಅದು ವಿಶ್ವಮಟ್ಟದಲ್ಲಿ ಬಹಳ ಒಳ್ಳೆಯ ಸಾಧ್ಯತೆಯೇ. ಆಗ ನಿರೀಕ್ಷಿಸಬೇಕಾದ ಪದಕಗಳು ಐದು. ಹದಿನೈದು ಹೆಸರುಗಳನ್ನು ಓದಿ ಹದಿನೈದು ಪದಕ ಎಂದುಕೊಂಡವರಿಗೆ ಅದು ಸೋಲಿನಂತೆ ಕಾಣುತ್ತದೆ, ಹತ್ತು ಮಂದಿ ಕೈಕೊಟ್ಟರು ಎಂಬ ಮಾತು ಹುಟ್ಟುತ್ತದೆ. ಯಾರೂ ಕೈಕೊಟ್ಟಿರುವುದಿಲ್ಲ. ಅವರವರ ಸಾಧ್ಯತೆ ಇದ್ದದ್ದೇ ಅಷ್ಟು. ನಾಲ್ಕು ವರ್ಷ ಬೆವರು ಹರಿಸಿ ಬಂದವರ ಮೇಲೆ ನಮ್ಮ ತಪ್ಪು ಕೂಡಿಕೆಯ ಭಾರ ಹೊರಿಸುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಪ್ಯಾರಿಸ್‌ನಲ್ಲಿ ಭಾರತ ಆರು ಸ್ಪರ್ಧೆಗಳಲ್ಲಿ ನಾಲ್ಕನೇ ಸ್ಥಾನ ಪಡೆಯಿತು. ಅವುಗಳಲ್ಲಿ ಎರಡನ್ನು ಹತ್ತಿರದಿಂದ ನೋಡೋಣ.

ಮಹಿಳೆಯರ 49 ಕೆ.ಜಿ. ವೇಟ್‌ಲಿಫ್ಟಿಂಗ್‌ನಲ್ಲಿ ಮೀರಾಬಾಯಿ ಚಾನು ಸ್ನ್ಯಾಚ್‌ನಲ್ಲಿ 88 ಕೆ.ಜಿ., ಕ್ಲೀನ್ ಅಂಡ್ ಜರ್ಕ್‌ನಲ್ಲಿ 111 ಕೆ.ಜಿ. ಎತ್ತಿದರು, ಒಟ್ಟು 199. ಥಾಯ್ಲೆಂಡ್‌ನ ಎದುರಾಳಿ 200 ಎತ್ತಿ ಕಂಚಿನ ಸ್ಥಾನದಲ್ಲಿದ್ದರು. ಕೊನೆಯ ಯತ್ನಕ್ಕೆ ಮೀರಾಬಾಯಿ ಕಂಬಿಯ ಮೇಲೆ 114 ಕೆ.ಜಿ. ಹಾಕಿಸಿದರು. ಎತ್ತಿದ್ದರೆ ಒಟ್ಟು 202 ಆಗುತ್ತಿತ್ತು, ಕಂಚು ಅವರದಾಗುತ್ತಿತ್ತು, ಕಂಬಿ ನಿಲ್ಲಲಿಲ್ಲ. ಟೋಕಿಯೊದಲ್ಲಿ ಅವರು ಬೆಳ್ಳಿ ಗೆದ್ದದ್ದು ಇದೇ 202ಕ್ಕೆ, ಅಲ್ಲಿ ಕಂಚು ಹೋದದ್ದು 194ಕ್ಕೆ. ಅಂದರೆ ಪ್ಯಾರಿಸ್‌ನಲ್ಲಿ ಎತ್ತಿದ 199 ಟೋಕಿಯೊದಲ್ಲಿ ಬೆಳ್ಳಿಯ ತೂಕವೇ ಆಗಿತ್ತು. ಮೂರು ವರ್ಷದಲ್ಲಿ ಕಂಚಿನ ಗೆರೆ ಆರು ಕೆ.ಜಿ. ಮೇಲೇರಿತ್ತು.

ಅರ್ಜುನ್ ಬಬುತಾ ಅವರದು ಇನ್ನೂ ಸೂಕ್ಷ್ಮವಾದ ಕಥೆ. 10 ಮೀಟರ್ ಏರ್ ರೈಫಲ್ ಫೈನಲ್‌ನಲ್ಲಿ ಒಂದೊಂದು ಗುಂಡಿಗೆ ಗರಿಷ್ಠ 10.9 ಅಂಕ. ಒಳ್ಳೆಯ ಶೂಟರ್‌ಗಳು ಹತ್ತಕ್ಕಿಂತ ಕೆಳಗೆ ಇಳಿಯುವುದೇ ವಿರಳ. ನಾಲ್ಕನೆಯವರನ್ನು ಹೊರಗೆ ಕಳಿಸುವ ಇಪ್ಪತ್ತನೇ ಗುಂಡಿನವರೆಗೂ ಬಬುತಾ ಪದಕದ ಹಾದಿಯಲ್ಲಿದ್ದರು, ಆ ಗುಂಡು 9.5ಕ್ಕೆ ಬಿತ್ತು. ಮಿಲಿಮೀಟರ್‌ಗಳ ಲೆಕ್ಕದ ಇಂಥ ಆಟದಲ್ಲಿ ಅರ್ಹತಾ ಸುತ್ತಿನ ಅಂಕ ಫೈನಲ್ ತಲುಪುವ ಸಾಧ್ಯತೆಯನ್ನು ಚೆನ್ನಾಗಿ ಹೇಳುತ್ತದೆ, ಪದಕವನ್ನು ಹೇಳುವುದಿಲ್ಲ. ಆದ್ದರಿಂದ ಶೂಟಿಂಗ್‌ನಲ್ಲಿ ಯಾವ ಒಬ್ಬರ ಮೇಲೂ ಪಣ ಕಟ್ಟದೆ, ಫೈನಲ್ ತಲುಪಬಲ್ಲವರು ಒಟ್ಟು ಎಷ್ಟು ಮಂದಿ ಇದ್ದಾರೆ ಎಂದು ಎಣಿಸುವುದು ಸರಿಯಾದ ಕ್ರಮ. ಪ್ಯಾರಿಸ್‌ಗೆ ಹೋದ 21 ಶೂಟರ್‌ಗಳಿಂದ ಮೂರು ಕಂಚು ಬಂದವು. ಅವುಗಳಲ್ಲಿ ಒಂದನ್ನು ತಂದವರು ಸ್ವಪ್ನಿಲ್ ಕುಸಾಳೆ. ಕೂಟಕ್ಕೆ ಮುಂಚಿನ ಮಾತುಕತೆಗಳಲ್ಲಿ ಅವರ ಹೆಸರು ಅಷ್ಟೇನೂ ಕೇಳಿಬಂದಿರಲಿಲ್ಲ.

ಮುಖಾಮುಖಿ ಆಟಗಳಲ್ಲಿ ಗೆರೆ ಎಳೆಯಲು ಬರುವುದಿಲ್ಲ. ಅಲ್ಲಿ ಡ್ರಾ, ಅಂದರೆ ಯಾರಿಗೆ ಯಾವ ಸುತ್ತಿನಲ್ಲಿ ಯಾರು ಎದುರಾಗುತ್ತಾರೆ ಎಂಬ ಪಟ್ಟಿ, ನೋಡಬೇಕು. ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಬಾಕ್ಸರ್ ನಿಖತ್ ಜರೀನ್ ಪ್ಯಾರಿಸ್‌ನಲ್ಲಿ ಶ್ರೇಯಾಂಕ ಇಲ್ಲದೆ ಕಣಕ್ಕಿಳಿದರು, ಎರಡನೇ ಪಂದ್ಯದಲ್ಲೇ ಅಗ್ರ ಶ್ರೇಯಾಂಕದ ಚೀನಾದ ವು ಯು ಎದುರಾದರು, ಸೋತರು. ಅದೇ ಪಂದ್ಯ ಡ್ರಾದ ಇನ್ನೊಂದು ಬದಿಯಲ್ಲಿ, ಫೈನಲ್‌ನಲ್ಲಿ ನಡೆಯುವಂತಾಗಿದ್ದರೆ ಅಷ್ಟು ಹೊತ್ತಿಗೆ ಕೊರಳಲ್ಲಿ ಪದಕ ಖಚಿತವಾಗಿರುತ್ತಿತ್ತು. ಬೆಂಗಳೂರಿನಲ್ಲಿ ಪಳಗಿದ ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್ ಕಂಚಿನ ಪಂದ್ಯದಲ್ಲಿ ಮೊದಲ ಗೇಮ್ ಅನ್ನು 21–13ರಿಂದ ಗೆದ್ದು, ಮುಂದಿನ ಎರಡನ್ನು ಮಲೇಷ್ಯಾದ ಲೀ ಝೀ ಜಿಯಾಗೆ ಬಿಟ್ಟುಕೊಟ್ಟರು. ರ‍್ಯಾಂಕಿಂಗ್ ಉಪಯುಕ್ತವೇ, ಆದರೆ ಅದು ವರ್ಷವಿಡೀ ಆಡಿದ್ದರ ಸರಾಸರಿ. ಒಲಿಂಪಿಕ್ಸ್ ಕೆಲವೇ ದಿನಗಳ ಆಟ. ಇದರ ಫಲ ಎರಡೂ ಕಡೆಗೆ ಸಿಗಬಹುದು ಎಂಬುದಕ್ಕೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಸಾಕ್ಷಿ. ವಿಶ್ವ ಗಾಲ್ಫ್ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದ ಅವರು ಟೋಕಿಯೊದಲ್ಲಿ ನಾಲ್ಕು ದಿನವೂ ಪದಕದ ಪೈಪೋಟಿಯಲ್ಲಿದ್ದು, ಒಂದೇ ಒಂದು ಹೊಡೆತದ ಅಂತರದಲ್ಲಿ ನಾಲ್ಕನೆಯವರಾದರು.

ಓಟದ ಸ್ಪರ್ಧೆಗಳಲ್ಲೂ ಸಮಯವೊಂದನ್ನೇ ನಂಬುವಂತಿಲ್ಲ. ಅವಿನಾಶ್ ಸಾಬಳೆ ಪ್ಯಾರಿಸ್ ಒಲಿಂಪಿಕ್ಸ್‌ಗೆ ಕೆಲವೇ ವಾರಗಳ ಮುಂಚೆ 3,000 ಮೀಟರ್ ಸ್ಟೀಪಲ್‌ಚೇಸ್ (ಅಡೆತಡೆಗಳನ್ನು ಹಾರಿ ಓಡುವ ಓಟ) ಅನ್ನು 8 ನಿಮಿಷ 9.91 ಸೆಕೆಂಡ್‌ಗಳಲ್ಲಿ ಮುಗಿಸಿ ರಾಷ್ಟ್ರೀಯ ದಾಖಲೆ ಮಾಡಿದರು. ಒಲಿಂಪಿಕ್ ಫೈನಲ್‌ನಲ್ಲಿ ಕಂಚು ಹೋದದ್ದು 8 ನಿಮಿಷ 6.47 ಸೆಕೆಂಡ್‌ಗೆ; ತಮ್ಮ ಜೀವನದ ಶ್ರೇಷ್ಠ ಓಟವನ್ನು ಅಲ್ಲಿ ಮತ್ತೆ ಓಡಿದ್ದರೂ ಸಾಬಳೆ ಅವರಿಗೆ ಪದಕ ಸಿಗುತ್ತಿರಲಿಲ್ಲ. ಆದರೆ 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದೇ ಸ್ಪರ್ಧೆಯ ಚಿನ್ನ 8 ನಿಮಿಷ 33.88 ಸೆಕೆಂಡ್‌ಗೆ ಹೋಯಿತು, ಏಕೆಂದರೆ ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತಾ ನಿಧಾನವಾಗಿ ಓಡಿ ಕೊನೆಯ ಸುತ್ತಿನಲ್ಲಿ ಹೊಡೆದಾಡಿದರು. ಹೀಗಾಗಿ ದೂರದ ಓಟಗಳಲ್ಲಿ ಕೊನೆಯ 400 ಮೀಟರ್ ಅನ್ನು ಯಾರು ಎಷ್ಟು ವೇಗವಾಗಿ ಓಡಬಲ್ಲರು ಎಂಬುದನ್ನೂ ಕೇಳಬೇಕು.

ನಮ್ಮನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಏಷ್ಯನ್ ಕ್ರೀಡಾಕೂಟ. ಹಾಂಗ್‌ಝೌದಲ್ಲಿ ಭಾರತ 28 ಚಿನ್ನ ಸೇರಿ 107 ಪದಕ ಗೆದ್ದಿತು, ಹತ್ತು ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಆರು. ಆ 28 ಚಿನ್ನಗಳಲ್ಲಿ ಕಾಂಪೌಂಡ್ (ರಾಟೆ ಜೋಡಿಸಿದ ಬಿಲ್ಲಿನ) ಬಿಲ್ಲುಗಾರಿಕೆಯ ಐದು, ಕಬಡ್ಡಿಯ ಎರಡು, ಕ್ರಿಕೆಟ್‌ನ ಎರಡು, ಸ್ಕ್ವಾಷ್‌ನ ಎರಡು, ಹೀಗೆ ಹನ್ನೊಂದು ಚಿನ್ನಗಳು ಪ್ಯಾರಿಸ್‌ನಲ್ಲಿ ಇಲ್ಲವೇ ಇಲ್ಲದ ಸ್ಪರ್ಧೆಗಳಿಂದ ಬಂದವು. ಶೂಟಿಂಗ್‌ನ ಪುರುಷರ ಮತ್ತು ಮಹಿಳೆಯರ ತಂಡ ಸ್ಪರ್ಧೆಗಳೂ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ. ಅಥ್ಲೆಟಿಕ್ಸ್‌ನಲ್ಲಿ ಅಮೆರಿಕ, ಜಮೈಕಾ, ಕೀನ್ಯಾ, ಯುರೋಪಿನವರು ಏಷ್ಯಾದ ಕಣದಲ್ಲಿ ಇರುವುದೇ ಇಲ್ಲ. ಆ ಪದಕಗಳ ಬೆಲೆ ಕಡಿಮೆಯೆಂದು ನಾನು ಹೇಳುತ್ತಿಲ್ಲ. ಅವನ್ನು ಒಲಿಂಪಿಕ್ಸ್‌ನ ಅಳತೆಗೋಲಾಗಿ ಬಳಸಬಾರದು ಅಷ್ಟೆ. ಹಾಕಿಯಲ್ಲಿ ಮಾತ್ರ ನಂಟು ನೇರವಾದದ್ದು: ಏಷ್ಯನ್ ಚಿನ್ನ ಗೆದ್ದ ತಂಡಕ್ಕೆ ಒಲಿಂಪಿಕ್ ಸ್ಥಾನ. ಹಾಂಗ್‌ಝೌ ಚಿನ್ನದಿಂದ ಪುರುಷರ ತಂಡ ನೆಮ್ಮದಿಯಾಗಿ ಪ್ಯಾರಿಸ್ ತಲುಪಿ ಕಂಚು ಗೆದ್ದರೆ, ಆ ಚಿನ್ನ ತಪ್ಪಿದ ಮಹಿಳೆಯರ ತಂಡ 2024ರ ಜನವರಿಯಲ್ಲಿ ರಾಂಚಿಯ ಅರ್ಹತಾ ಟೂರ್ನಿಯಲ್ಲಿ ಜಪಾನ್‌ಗೆ 0–1ರಿಂದ ಸೋತು ಮನೆಯಲ್ಲೇ ಉಳಿಯಿತು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಈ ಲೆಕ್ಕವನ್ನು ಹೊಸದಾಗಿಯೇ ಹಾಕಬೇಕಾಗುತ್ತದೆ, ಏಕೆಂದರೆ ಸ್ಪರ್ಧೆಗಳ ಪಟ್ಟಿಯೇ ಬದಲಾಗಿದೆ. ಟಿ20 ಕ್ರಿಕೆಟ್ ಪುರುಷರು ಮತ್ತು ಮಹಿಳೆಯರ ವಿಭಾಗದಲ್ಲಿ ತಲಾ ಆರು ತಂಡಗಳೊಂದಿಗೆ ಬರುತ್ತಿದೆ. ಆರು ತಂಡಗಳಿಗೆ ಮೂರು ಪದಕ ಎಂದರೆ, ಕಣದಲ್ಲಿರುವ ತಂಡಕ್ಕೆ ಆಡುವ ಮೊದಲೇ ಎರಡರಲ್ಲಿ ಒಂದು ಪಾಲು ಅವಕಾಶ, ಮತ್ತು ಭಾರತ ಆ ಆರರಲ್ಲಿ ದುರ್ಬಲ ತಂಡವಾಗಿರುವುದಿಲ್ಲ. ಸ್ಕ್ವಾಷ್ ಮೊದಲ ಬಾರಿಗೆ ಸೇರಿದೆ. ಕಾಂಪೌಂಡ್ ಬಿಲ್ಲುಗಾರಿಕೆಯ ಮಿಶ್ರ ತಂಡ ಸ್ಪರ್ಧೆಯೂ ಇದೆ; ಹಾಂಗ್‌ಝೌದಲ್ಲಿ ಇದೇ ಸ್ಪರ್ಧೆಯ ಚಿನ್ನ ಜ್ಯೋತಿ ಸುರೇಖಾ ವೆನ್ನಂ ಮತ್ತು ಓಜಸ್ ದೇವತಳೆ ಅವರದಾಗಿತ್ತು. ನನ್ನ ಅಂದಾಜಿನಲ್ಲಿ ಭಾರತದ ಸಾಧ್ಯತೆಗಳ ಮೊತ್ತ ಪ್ಯಾರಿಸ್‌ಗಿಂತ ಹೆಚ್ಚಾಗುವುದು ಇಲ್ಲಿಂದಲೇ, ಹಳೆಯ ಆಟಗಳಲ್ಲಿ ಒಮ್ಮೆಲೇ ಜಿಗಿತ ಕಾಣುವುದರಿಂದ ಅಲ್ಲ.

ಕಳೆದುಕೊಳ್ಳುವುದೂ ಇದೆ. ಲಾಸ್ ಏಂಜಲೀಸ್‌ನ ಮಹಿಳಾ ವೇಟ್‌ಲಿಫ್ಟಿಂಗ್‌ನಲ್ಲಿ ಅತಿ ಹಗುರ ವಿಭಾಗವೇ 53 ಕೆ.ಜಿ.; ಮೀರಾಬಾಯಿ ಎರಡು ಒಲಿಂಪಿಕ್ಸ್‌ಗಳಲ್ಲಿ ಎತ್ತಿದ 49 ಕೆ.ಜಿ. ವಿಭಾಗ ಅಲ್ಲಿಲ್ಲ. 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು 48 ಕೆ.ಜಿ. ವಿಭಾಗದಲ್ಲಿ ಮತ್ತೆ ಅದೇ 199 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಲಾಸ್ ಏಂಜಲೀಸ್‌ಗೆ ಹೋಗಬೇಕಾದರೆ ಮೈತೂಕ ಏರಿಸಿಕೊಳ್ಳಬೇಕು, ಏರಿದ ತೂಕದಲ್ಲಿ ಹೆಚ್ಚು ಭಾರ ಎತ್ತಬೇಕು, ಮೂವತ್ತು ದಾಟಿದ ದೇಹದಿಂದ ಇವೆರಡನ್ನೂ ಗಾಯವಿಲ್ಲದೆ ಮಾಡಿಸಬೇಕು. ಅವರ ಹೆಸರನ್ನು ಪದಕದ ಪಟ್ಟಿಯಲ್ಲಿ ಬರೆಯುವ ಮುನ್ನ, 53 ಕೆ.ಜಿ. ವಿಭಾಗದ ಅಂತರರಾಷ್ಟ್ರೀಯ ಕೂಟಗಳಲ್ಲಿ ಅವರ ಒಟ್ಟು ಮೊತ್ತ ಎಷ್ಟಾಯಿತು, ಆ ಕೂಟಗಳಲ್ಲಿ ಮೂರನೆಯವರು ಎಷ್ಟು ಎತ್ತಿದರು ಎಂಬ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ.